46 ಲ್ಯಾಪ್‌ಟಾಪ್, ಒಂದು ಹೆಬ್ಬೆಟ್ಟು: ಯೋಧರಿಗೆ ತಂತ್ರಜ್ಞಾನ ಕೊಡಲು ಹೊರಟ ತುಮಕೂರಿನ ಕಾರ್ಖಾನೆಯೊಂದರ ಪ್ರಕರಣ

ಸ್ಟೋರ್ ರೂಮಿನ ಮೂಲೆಯಲ್ಲಿ 46 ಹಳೆಯ ಲ್ಯಾಪ್‌ಟಾಪ್‌ಗಳು, ಅವುಗಳ ಮೇಲೆ ಸುರುಳಿ ಸುತ್ತಿಟ್ಟ ಒಂದು ಫ್ಲೆಕ್ಸ್. ಬಿಚ್ಚಿದರೆ ತ್ರಿವರ್ಣ, ಹಿಮದ ಬೆಟ್ಟ, ಕೆಳಗೆ ದಪ್ಪಕ್ಷರದಲ್ಲಿ ‘ವೀರ ಯೋಧರಿಗೆ ನಮ್ಮ ಕಿರುಕಾಣಿಕೆ’. ಕಾಣಿಕೆ ಯಾರಿಗೆ, ಹೇಗೆ ಹೋಗಬೇಕು ಎಂದು ಯಾರಿಗೂ ಗೊತ್ತಾಗುವ ಮೊದಲೇ ಫ್ಲೆಕ್ಸ್ ಪ್ರಿಂಟಾಗಿ ಬಂದಿತ್ತು. ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ.

2025ರ ಮೇ ತಿಂಗಳು. ಮೇ 7ಕ್ಕೆ ಆಪರೇಷನ್ ಸಿಂಧೂರ ಶುರುವಾಗಿ, 10ಕ್ಕೆ ಕದನ ನಿಲ್ಲಿಸುವ ಘೋಷಣೆ ಆಗಿತ್ತು. ನಾನು ಲೆಕ್ಕಪತ್ರ ನೋಡಿಕೊಳ್ಳುವ ಕಾರ್ಖಾನೆ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿದೆ. ವಾಹನದ ಬಿಡಿಭಾಗ ಮಾಡುತ್ತೇವೆ. ಆ ವಾರ ಊಟದ ಹಾಲ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಎಂ.ಡಿ.ಯವರು ಒಂದು ಬೆಳಿಗ್ಗೆ ಬಂದವರೇ, ‘ಹಳೇ ಲ್ಯಾಪ್‌ಟಾಪ್ ಅಷ್ಟೂ ಗಡಿಗೆ ಕಳಿಸೋಣ, ಜೊತೆಗೆ 30 ಹೊಸ ಟ್ಯಾಬ್ ಕೊಡೋಣ, ಸಿಎಸ್‌ಆರ್‌ನಲ್ಲಿ ತೋರಿಸಿಬಿಡಿ’ ಎಂದರು. ಸಿಎಸ್‌ಆರ್ ಎಂದರೆ ಕಂಪನಿಗಳು ತಮ್ಮ ಲಾಭದಲ್ಲಿ ಸಮಾಜಕ್ಕೆಂದು ಮಾಡುವ ಖರ್ಚು. ಅವರ ತಾತ 1962ರಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಡತಿಯ ಬಳೆ ಕೊಟ್ಟವರಂತೆ. ಆ ಕಥೆ ನಮಗೆಲ್ಲ ಬಾಯಿಪಾಠ. ಹಾಗಾಗಿ ಅವರ ಭಾವನೆಯನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಆದರೆ ಬಳೆ ಕೊಟ್ಟರೆ ಕರಗಿಸಬಹುದು. ನಾಲ್ಕು ವರ್ಷ ಓಡಿಸಿ ಬಿಟ್ಟ ಲ್ಯಾಪ್‌ಟಾಪನ್ನು ಏನು ಮಾಡುವುದು?

ಮುಂದಿನ ಏಳು ತಿಂಗಳಲ್ಲಿ ಆ ಆಸೆ ಏನಾಯಿತು, ಎಲ್ಲಿ ಸಿಕ್ಕಿಕೊಂಡಿತು, ಕೊನೆಗೆ ಯಾವ ರೂಪದಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ಮುಟ್ಟಿತು ಎಂಬುದೇ ಈ ಪ್ರಕರಣ. ಇದೇ ಆಸೆ ಇಟ್ಟುಕೊಂಡಿರುವ ಕಂಪನಿಗಳು ಜಿಲ್ಲೆಯಲ್ಲಿ ಇನ್ನೂ ಇವೆ, ಅವರ ಅಕೌಂಟ್ಸ್ ವಿಭಾಗದವರಿಗಾದರೂ ಉಪಯೋಗಕ್ಕೆ ಬಂದೀತು.

ಕಾನೂನಿನ ಗಂಟುಗಳು

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಲಾಭ 5 ಕೋಟಿ ಮುಟ್ಟಿದರೆ, ಅಥವಾ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಮೌಲ್ಯ 500 ಕೋಟಿ ಇದ್ದರೆ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ನಮ್ಮ ಲೆಕ್ಕಕ್ಕೆ ಅದು 12.4 ಲಕ್ಷ ಬಂತು. 50 ಲಕ್ಷದೊಳಗೆ ಇರುವುದರಿಂದ ಸಿಎಸ್‌ಆರ್ ಸಮಿತಿ ಬೇಡ, ಆಡಳಿತ ಮಂಡಳಿಯೇ ನಿರ್ಧರಿಸಬಹುದು. ಅದರಲ್ಲಿ 4 ಲಕ್ಷ ಸರ್ಕಾರಿ ಶಾಲೆಯೊಂದರ ಶೌಚಾಲಯಕ್ಕೆ ಆಗಲೇ ಮಾತು ಕೊಟ್ಟಾಗಿತ್ತು. ಉಳಿದದ್ದು 8.4 ಲಕ್ಷ. ಒಂದಕ್ಕೆ 28,000ದಂತೆ 30 ಟ್ಯಾಬ್‌ಗೆ ಸರಿಹೋಗುವ ಮೊತ್ತ, ಎಂ.ಡಿ.ಯವರಿಗೆ ಆ 30 ಎಲ್ಲಿಂದ ಬಂತೆಂದು ಆಮೇಲೆ ಹೊಳೆಯಿತು.

ಮೊದಲ ಗಂಟು ಲ್ಯಾಪ್‌ಟಾಪ್‌ಗಳದ್ದು. ಅವುಗಳಿಗೆ ಒಂದು ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚೆಂದು ತೋರಿಸುವಂತಿಲ್ಲ. ಕಾಯ್ದೆಯಲ್ಲಿರುವ ಪದ ‘ಖರ್ಚು ಮಾಡತಕ್ಕದ್ದು’. ವಸ್ತುರೂಪದ ಕೊಡುಗೆಯನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕಕ್ಕೆ ಹಿಡಿಯಲಾಗದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್ 25ರ ಸುತ್ತೋಲೆಯಲ್ಲಿ ಬಿಡಿಸಿ ಹೇಳಿದೆ. ಗೋದಾಮು ಖಾಲಿ ಮಾಡುವುದನ್ನು ದಾನ ಎಂದು ಕರೆಯುವ ಚಾಳಿಗೆ ಇದು ಸರಿಯಾದ ಬೇಲಿ. ನನಗಂತೂ ಈ ನಿಯಮದ ಮೇಲೆ ಪ್ರೀತಿ.

ಎರಡನೆಯದು ಬಹಳ ಜನ ಎಡವುವ ಜಾಗ. ಯಾವ ಕೆಲಸ ಸಿಎಸ್‌ಆರ್ ಆಗುತ್ತದೆ ಎಂಬ ಪಟ್ಟಿ ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಅದರ ಆರನೇ ಅಂಶ ಹೇಳುವುದು ಸಶಸ್ತ್ರ ಪಡೆಗಳ ನಿವೃತ್ತರು, ಯುದ್ಧದಲ್ಲಿ ಮಡಿದವರ ಪತ್ನಿಯರು ಮತ್ತು ಅವರ ಅವಲಂಬಿತರ ಬಗ್ಗೆ. 2020ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿವೃತ್ತರನ್ನೂ ಸೇರಿಸಿದರು. ಈಗ ಗಡಿಯಲ್ಲಿ ಕಾವಲು ನಿಂತಿರುವ ಸೈನಿಕನ ಹೆಸರು ಅಲ್ಲಿಲ್ಲ. ಅವನಿಗೆ ಬೇಕಾದ ಸಲಕರಣೆ ಕೊಡಬೇಕಾದ್ದು ದೇಶದ ಬಜೆಟ್, ನಮ್ಮಂಥವರ ಉಳಿಕೆ ಹಣವಲ್ಲ. ಎಂ.ಡಿ.ಯವರಿಗೆ ಇದು ಹಿಡಿಸಲಿಲ್ಲ. ‘ಹೋರಾಡೋನಿಗೆ ಕೊಡಂಗಿಲ್ಲ, ರಿಟೈರಾದ ಮೇಲೆ ಕೊಡಬೌದು, ಇದೆಂಥ ಕಾನೂನ್ರೀ?’ ಎಂದು ನನ್ನ ಮೇಲೆಯೇ ರೇಗಿದರು.

ಮೂರನೆಯದನ್ನು ಎತ್ತಿದ್ದು ಆಡಿಟರ್. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ಕ್ಕೆ ಉದ್ಘಾಟನೆಯಾದ ಮೇಲೆ, ರಕ್ಷಣಾ ವಲಯಕ್ಕೆ ಬಿಡಿಭಾಗ ಮಾಡಿಕೊಡಬೇಕೆಂಬ ಆಸೆ ಸುತ್ತಲಿನ ಎಲ್ಲ ಕಾರ್ಖಾನೆಗಳಿಗೂ ಹುಟ್ಟಿದೆ, ನಮಗೂ ಇದೆ. ನಾಳೆ ಟೆಂಡರ್ ಹಾಕುವವರು ಇವತ್ತು ಸೇನೆಯ ಯೂನಿಟ್‌ಗೆ ಕಾಣಿಕೆ ತಗೊಂಡು ಹೋದರೆ ನೋಡಿದವರು ಏನಂದುಕೊಳ್ಳುತ್ತಾರೆ? ಆಡಿಟರ್ ಇಷ್ಟು ಹೇಳಿ ಕಾಫಿ ಕುಡಿದರು. ಈ ಮಾತಿಗೆ ಮಾತ್ರ ಎಂ.ಡಿ. ಎದುರಾಡಲಿಲ್ಲ.

ಸುಬೇದಾರರ ನಗು

ನಮ್ಮ ಗೇಟಿನ ಸೆಕ್ಯುರಿಟಿ ಸೂಪರ್‌ವೈಸರ್ ನಿವೃತ್ತ ಸುಬೇದಾರ್. ಎಲ್ಲರೂ ಅವರನ್ನು ‘ಸಾಹೇಬ್ರೇ’ ಎಂದೇ ಕರೆಯುವುದು. ಲ್ಯಾಪ್‌ಟಾಪ್ ವಿಷಯ ಕಿವಿಗೆ ಬಿದ್ದು ನಕ್ಕರು.

‘ಅಲ್ಲ ಸಾರ್, ಗಡಿ ಪೋಸ್ಟ್‌ನಾಗೆ ಇವನ್ನ ಎಲ್ಲಿ ಚುಚ್ಚೋದು? ಮೊದಲ್ಗೆ ಒಳೀಕೇ ಬಿಡಲ್ಲ. ಯಾರ್ದೋ ಹಾರ್ಡ್ ಡಿಸ್ಕು, ಅದ್ರಾಗೆ ಏನೈತೋ.’

ಅವರ ಮಾತಿನಲ್ಲಿ ಹುರುಳಿತ್ತು. 2020ರ ಜುಲೈನಲ್ಲಿ ಸೇನೆ ತನ್ನ ಸಿಬ್ಬಂದಿಗೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕಲು ಹೇಳಿತ್ತು, ಫೇಸ್‌ಬುಕ್ ಕೂಡ ಅದರಲ್ಲಿತ್ತು. ಸ್ವಂತ ಫೋನಿನ ಬಗ್ಗೆಯೇ ಇಷ್ಟು ಎಚ್ಚರ ಇರುವ ಕಡೆ, ಬಿಡಿಭಾಗದ ಕಾರ್ಖಾನೆಯಿಂದ ಬಂದ ಹಳೆಯ ಕಂಪ್ಯೂಟರನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಹಾಗಾದರೆ ಅಲ್ಲಿದ್ದಾಗ ನಿಮಗೆ ನಿಜವಾಗಿ ಏನು ಬೇಕಿತ್ತು ಎಂದು ಕೇಳಿದೆ. ತಡಮಾಡದೆ ಉತ್ತರ ಬಂತು: ಮನೆಗೆ ಫೋನು. ಉಪಗ್ರಹ ಫೋನಿನ ಮುಂದೆ ಸಾಲು ನಿಲ್ಲುತ್ತಿದ್ದರಂತೆ, ಕೈಯಲ್ಲಿ ಗಡಿಯಾರ ನೋಡಿಕೊಂಡು ಮಾತಾಡುತ್ತಿದ್ದರಂತೆ. ಆ ಕರೆಗೆ ನಿಮಿಷಕ್ಕೆ 5 ರೂಪಾಯಿ ಇದ್ದದ್ದನ್ನು 2017ರ ದೀಪಾವಳಿಗೆ ಸರ್ಕಾರ 1 ರೂಪಾಯಿಗೆ ಇಳಿಸಿತು, ತಿಂಗಳ ಬಾಡಿಗೆ 500 ರೂಪಾಯಿಯನ್ನೂ ತೆಗೆಯಿತು. ಹೊಸ ಯಂತ್ರ ಯಾವುದೂ ಬರಲಿಲ್ಲ, ದರ ಇಳಿಯಿತು ಅಷ್ಟೆ. ‘ಆವತ್ತಿಂದ ಹೆಂಡ್ರು ಜೊತೆ ಜಗಳ ಆಡೋಕೂ ಟೈಮ್ ಸಿಕ್ತು ಅಂತ ಹುಡುಗ್ರು ಅಂತಿದ್ರು’ ಎಂದರು ಸಾಹೇಬರು.

ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು. ‘ಸಾರ್, ನಿಮಗೆ ಕೊಡ್ಲೇಬೇಕು ಅಂತಿದ್ರೆ ಒಂದ್ ಭಾನ್ವಾರ ನಮ್ಮೂರಿಗೆ ಬನ್ನಿ.’

ಹೆಬ್ಬೆಟ್ಟು

ಬಿ.ಎಚ್. ರಸ್ತೆಯಿಂದ ಒಳಗೆ ಕೆಲವು ಕಿಲೋಮೀಟರ್, ಎರಡೂ ಕಡೆ ತೆಂಗು. ಊರಲ್ಲಿ ಮತ್ತು ಅಕ್ಕಪಕ್ಕದ ಹಳ್ಳಿಗಳಲ್ಲಿ ಸೇನೆಯಿಂದ ನಿವೃತ್ತರಾದವರ ಮನೆಗಳು ನಾನು ಊಹಿಸಿದ್ದಕ್ಕಿಂತ ಹೆಚ್ಚಿದ್ದವು. ಮೊದಲ ಮನೆಯಲ್ಲಿ ಸಿಕ್ಕಿದ್ದು ಎಪ್ಪತ್ತು ದಾಟಿದ ಹವಾಲ್ದಾರರು. ಅವರ ಪೆನ್ಷನ್ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ಮೊದಲು ಬ್ಯಾಂಕಿನ ಮೂಲಕ ನಡೆಯುತ್ತಿದ್ದದ್ದನ್ನು ರಕ್ಷಣಾ ಲೆಕ್ಕಪತ್ರ ಇಲಾಖೆ 2021ರಿಂದೀಚೆಗೆ ಇದರೊಳಗೆ ತಂದಿದೆ; ಪ್ರಯಾಗ್‌ರಾಜ್‌ನಿಂದ ನೇರ ಖಾತೆಗೆ ಬೀಳುತ್ತದೆ. ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಸಾಬೀತು ಮಾಡಬೇಕು. ಹೆಚ್ಚಿನವರಿಗೆ ಅದು ನವೆಂಬರ್ ತಿಂಗಳು.

ಸಾಹೇಬರು ಎಲ್ಲಿಂದಲೋ ಕಡ ತಂದಿದ್ದ ಬೆರಳಚ್ಚು ಯಂತ್ರವನ್ನು ಜಗಲಿ ಮೇಲಿಟ್ಟರು. ಹವಾಲ್ದಾರರು ಪಂಚೆಯ ತುದಿಗೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ಕೆಂಪು. ಮತ್ತೆ ಒತ್ತಿದರು. ಕೆಂಪು. ತೋರುಬೆರಳು, ಎಡಗೈ, ನಡುಬೆರಳು. ಹೆಂಡತಿ ಒಳಗಿಂದ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಂದು ಸವರಿದರು, ಸ್ವಲ್ಪ ಒರೆಸಿ ಮತ್ತೊಮ್ಮೆ. ಆಗಲೂ ಇಲ್ಲ. ನಾನು ಆ ಬೆರಳನ್ನು ಹತ್ತಿರದಿಂದ ನೋಡಿದೆ. ಇಪ್ಪತ್ತೈದು ವರ್ಷ ಕಾಯಿ ಸುಲಿದು, ಗೆರೆಗಳೆಲ್ಲ ಸವೆದು, ಹಳೆಯ ಒಳಕಲ್ಲಿನ ಗುಂಡಿನ ಹಾಗೆ ನುಣ್ಣಗಾಗಿತ್ತು. ಗೆರೆ ಇರಬೇಕಾದ ಕಡೆ ಸಣ್ಣ ಸಣ್ಣ ಬಿರುಕುಗಳಿದ್ದವು.

‘ಪಾಸಾಗೋ ಬೆರಳು ಫೌಜಲ್ಲೇ ಬಿಟ್ಬಂದೆ’ ಎಂದು ಅವರು ನಕ್ಕರು. ಅವರ ಹೆಂಡತಿ ನಗಲಿಲ್ಲ. ಹಿಂದಿನ ವರ್ಷ ಇದೇ ಕಾರಣಕ್ಕೆ ತುಮಕೂರಿಗೆ ಮೂರು ಸಲ ಬಸ್ ಹತ್ತಿಳಿದಿದ್ದರು.

ಇನ್ನೊಂದು ಮನೆಯಲ್ಲಿ ಒಬ್ಬ ತಾಯಿ, ಫ್ಯಾಮಿಲಿ ಪೆನ್ಷನ್ ತೆಗೆದುಕೊಳ್ಳುವವರು. ಆಧಾರ್‌ನಲ್ಲಿ ಅವರ ಹೆಸರು ‘ಅಮ್ಮ’ ಎಂದು ಮುಗಿಯುತ್ತದೆ. ಐವತ್ತು ವರ್ಷದ ಹಿಂದೆ ಯಾವುದೋ ಗುಮಾಸ್ತ ಗಂಡನ ಸರ್ವಿಸ್ ದಾಖಲೆಯಲ್ಲಿ ಅದೇ ಹೆಸರಿಗೆ ‘ದೇವಿ’ ಎಂದು ಬಾಲ ಹಚ್ಚಿದ್ದ. ಇಷ್ಟು ದಿನ ಯಾರಿಗೂ ತೊಂದರೆ ಕೊಡದ ಆ ‘ದೇವಿ’ ಕಂಪ್ಯೂಟರಿಗೆ ಬಂದ ಕೂಡಲೇ ಅಡ್ಡ ನಿಂತಳು. ಓಟಿಪಿ ಹೋಗುವ ಫೋನು ಪೀಣ್ಯದಲ್ಲಿ ಕೆಲಸ ಮಾಡುವ ಮಗನ ಜೇಬಿನಲ್ಲಿದೆ. ಅವನು ಶಿಫ್ಟ್‌ನಲ್ಲಿದ್ದರೆ ಫೋನ್ ಎತ್ತುವುದಿಲ್ಲ. ಓಟಿಪಿ ಅಷ್ಟು ಹೊತ್ತು ಕಾಯುವುದಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನಾನು ಟ್ಯಾಬ್ ಲೆಕ್ಕ ಬಿಟ್ಟುಬಿಟ್ಟೆ. ಇವರಿಗೆ 30 ಟ್ಯಾಬ್ ಹಂಚಿದರೆ 30 ಮನೆಯ ಮೊಮ್ಮಕ್ಕಳು ಕಾರ್ಟೂನ್ ನೋಡುತ್ತಾರೆ, ಅಷ್ಟೇ. ಬೇಕಾದದ್ದು ಒಂದು ಟ್ಯಾಬ್, ಅದರ ಪಕ್ಕ ಕೂರುವ ಒಬ್ಬ ಮನುಷ್ಯ. ಇವತ್ತು ಮಾತ್ರವಲ್ಲ, ಮುಂದಿನ ನವೆಂಬರ್‌ಗೂ ಅಲ್ಲೇ ಇರುವ ಮನುಷ್ಯ.

ಮನುಷ್ಯನಿಗೆ ಹಣ ಇಡುವ ಕಷ್ಟ

ಹೊರಗಿನ ಒಂದು ಉದಾಹರಣೆ ಆಗ ನನ್ನ ತಲೆಯಲ್ಲಿ ಸುತ್ತುತ್ತಿತ್ತು, ಆಡಳಿತ ಮಂಡಳಿಯ ಮುಂದೂ ಅದನ್ನೇ ಇಟ್ಟೆ. 2022ರ ಫೆಬ್ರುವರಿ 26ರಂದು ಉಕ್ರೇನಿನ ಸಚಿವ ಮಿಖಾಯಿಲೊ ಫೆದೊರೊವ್ ಟ್ವಿಟರ್‌ನಲ್ಲಿ ಇಲಾನ್ ಮಸ್ಕ್ ಅವರನ್ನು ಕೇಳಿಕೊಂಡ ಕೆಲವೇ ಗಂಟೆಗಳಲ್ಲಿ ಅವರ ಕಂಪನಿಯ ಉಪಗ್ರಹ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್ ಅಲ್ಲಿ ಚಾಲೂ ಆಯಿತು, ಬೆನ್ನಿಗೇ ಡಿಶ್‌ಗಳು ಹೋದವು. ಕಂಪನಿಯೊಂದು ಯುದ್ಧದಲ್ಲಿರುವ ಸೈನ್ಯಕ್ಕೆ ತಂತ್ರಜ್ಞಾನ ಒದಗಿಸಿದ ಉದಾಹರಣೆಗಳಲ್ಲಿ ಇಷ್ಟು ಹೆಸರಾದದ್ದು ಇನ್ನೊಂದಿಲ್ಲವೇನೋ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ, ಇದರ ಖರ್ಚನ್ನು ಕೊನೆಯಿಲ್ಲದೆ ಹೊರಲಾಗದು ಎಂದು ಮಸ್ಕ್ ಬಹಿರಂಗವಾಗಿ ಹೇಳಿ, ಮರುದಿನವೇ ಮಾತು ಬದಲಿಸಿದರು. 2023ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸ್ಟಾರ್‌ಲಿಂಕ್ ಸೇವೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಡಿಶ್ ಕೊಟ್ಟ ದಿನ ಫೋಟೊ ಬಂತು. ತಿಂಗಳ ಬಿಲ್ಲು ಯಾರದ್ದೆಂಬ ಜಗಳ ಮುಂದಿನ ವರ್ಷದವರೆಗೂ ನಡೆಯಿತು. ಎಲ್ಲಿಯ ಕೀವ್, ಎಲ್ಲಿಯ ಗುಬ್ಬಿ ಎಂದು ಮಂಡಳಿಯ ಒಬ್ಬರು ಕಿಚಾಯಿಸಿದರೂ, ಮಾತು ಅವರಿಗೆ ನಾಟಿತು.

ನಮ್ಮಲ್ಲಿ ಬಹುಪಾಲು ಕಂಪನಿಗಳು ವಸ್ತುವನ್ನೇ ಏಕೆ ಕೊಡುತ್ತವೆ ಎಂದರೆ ಮಾರ್ಚ್ 31ರ ಕಾರಣಕ್ಕೆ. ಆ ದಿನದೊಳಗೆ ಹಣ ಖರ್ಚಾಗಬೇಕು. ವಸ್ತು ಕೊಂಡರೆ ಒಂದೇ ಬಿಲ್ಲಿಗೆ ಮುಗಿಯುತ್ತದೆ, ಮನುಷ್ಯನಿಗೆ ಸಂಬಳ ಕೊಟ್ಟರೆ ಮುಗಿಯುವುದಿಲ್ಲ. ಇದಕ್ಕೆ ಕಾನೂನಿನಲ್ಲೇ ದಾರಿ ಇದೆ, ಬಳಸುವವರು ಕಡಿಮೆ. ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಮಂಡಳಿ ನಿರ್ಣಯ ಮಾಡಿದರೆ, ಶುರುವಾದ ವರ್ಷ ಬಿಟ್ಟು ಮತ್ತೆ ಮೂರು ಹಣಕಾಸು ವರ್ಷದವರೆಗೆ ನಡೆಸಬಹುದು. ಆ ವರ್ಷ ಉಳಿದ ಹಣವನ್ನು ಮಾರ್ಚ್ ಮುಗಿದ 30 ದಿನದೊಳಗೆ ಬೇರೆಯದೇ ಬ್ಯಾಂಕ್ ಖಾತೆಗೆ ಹಾಕಿ, ಅಲ್ಲಿಂದ ಖರ್ಚು ಮಾಡುತ್ತಾ ಹೋಗಬೇಕು. ನಾವೂ ಹಾಗೇ ನಿರ್ಣಯ ಮಾಡಿದೆವು, 36 ತಿಂಗಳಿಗೆ.

ಹೊಸ ಲೆಕ್ಕ ಹೀಗೆ ಕೂತಿತು. ನಾಲ್ಕು ಟ್ಯಾಬ್ 72,000, ಮೂರು ಬೆರಳಚ್ಚು ಯಂತ್ರ ಮತ್ತು ಕಣ್ಣಿನ ಪಾಪೆ ಓದುವ ಒಂದು ಯಂತ್ರ ಸೇರಿ 15,000, ಪ್ರಿಂಟರ್ 16,000, ಯುಪಿಎಸ್, ಬ್ಯಾಟರಿ 22,000, ಮೇಜು-ಕುರ್ಚಿ 15,000. ಒಟ್ಟು 1.4 ಲಕ್ಷ. ಸಹಾಯಕಿಯ ಗೌರವಧನ ತಿಂಗಳಿಗೆ 12,000, ಹಾಸಿಗೆ ಹಿಡಿದವರ ಮನೆಗೇ ಹೋಗಿಬರಲು ಪೆಟ್ರೋಲು-ಭತ್ಯೆ 4,000, ಇಂಟರ್ನೆಟ್ 1,000. ಮೂರು ವರ್ಷಕ್ಕೆ 6.12 ಲಕ್ಷ. ರಿಪೇರಿಗೆಂದು ಉಳಿದದ್ದು 88,000. ಅಂದರೆ ‘ತಂತ್ರಜ್ಞಾನ’ ಎಂದು ಫೋಟೊದಲ್ಲಿ ಕಾಣುವ ಭಾಗ ಒಟ್ಟು ಹಣದಲ್ಲಿ ಆರರಲ್ಲಿ ಒಂದು ಪಾಲು. ಇದರ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಸವಲತ್ತು ಕೂಡ ಸಿಗದು. ಸಿಎಸ್‌ಆರ್‌ಗೆ ಕೊಂಡ ಸರಕಿಗೆ 2023ರ ಅಕ್ಟೋಬರ್ 1ರಿಂದ ಆ ಬಾಗಿಲು ಮುಚ್ಚಿದೆ. ತೆರಿಗೆ ಸೇರಿಸಿಯೇ ಬೆಲೆ ಹಿಡಿಯಬೇಕು.

ಇನ್ನು ಸಲಕರಣೆ ಯಾರ ಹೆಸರಿನಲ್ಲಿ? 2021ರ ಜನವರಿಯ ತಿದ್ದುಪಡಿಯ ಪ್ರಕಾರ ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಊರಿನ ಮಾಜಿ ಸೈನಿಕರ ಸಂಘಕ್ಕೆ ಕೊಡೋಣ ಎಂದರೆ, ಸಿಎಸ್‌ಆರ್ ನೋಂದಣಿ ಸಂಖ್ಯೆ ಇಲ್ಲ. ಸಾರ್ವಜನಿಕ ಪ್ರಾಧಿಕಾರಕ್ಕೆ ಕೊಡಬಹುದು. ಹಾಗಾಗಿ ಗ್ರಾಮ ಪಂಚಾಯಿತಿಯ ಹೆಸರಿಗೆ ಬರೆದು, ಅದರ ಗ್ರಂಥಾಲಯದ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅದರ ಒಂದು ಮೂಲೆ ಕೇಳಿ ಪಡೆದೆವು. ಪಿಡಿಒ ಅವರು ಒಂದೇ ಷರತ್ತು ಹಾಕಿದರು: ಕರೆಂಟ್ ಬಿಲ್ ಹೆಚ್ಚಾದರೆ ಕೇಳುತ್ತೇನೆ. ನ್ಯಾಯವಾದ ಷರತ್ತು.

ಸಹಾಯಕಿಯಾಗಿ ಬಂದ ಹುಡುಗಿ ಬಿ.ಕಾಂ. ಓದಿದವಳು, ಸೇನೆಯಲ್ಲಿ ನಾಯಕ್ ಆಗಿದ್ದು ನಿವೃತ್ತರಾದವರೊಬ್ಬರ ಮಗಳು. ಮೊದಲ ವಾರವೇ ನಮ್ಮ ಎಡವಟ್ಟು ಕಂಡುಹಿಡಿದಳು. ನಮ್ಮ ಖರೀದಿ ವಿಭಾಗ ಅಗ್ಗಕ್ಕೆ ಸಿಕ್ಕಿತೆಂದು ಎರಡು ಬೆರಳಚ್ಚು ಯಂತ್ರವನ್ನು ಎಲ್-ಝೀರೋ ಮಾದರಿಯದ್ದು ತಂದುಬಿಟ್ಟಿತ್ತು. ಆಧಾರ್ ಪ್ರಾಧಿಕಾರ ಅವನ್ನು ಕೈಬಿಟ್ಟು, ಭದ್ರತೆ ಹೆಚ್ಚಿರುವ ಎಲ್-ಒನ್ ಕಡೆ ಹೋಗಿದೆ. ಆ ಎರಡರ ಬೆಲೆಯನ್ನು ಸಿಎಸ್‌ಆರ್ ಲೆಕ್ಕದಿಂದ ತೆಗೆದು ಕಂಪನಿಯ ಸ್ವಂತ ಖರ್ಚಿಗೆ ಹಾಕಿದೆ. ತಪ್ಪು ನಮ್ಮದು, ಸೈನಿಕರ ಹಣದಲ್ಲಿ ಏಕೆ ಕಳೆಯಬೇಕು?

ನವೆಂಬರ್

ಹೊಸ ಯಂತ್ರ ಬಂದರೂ ಹವಾಲ್ದಾರರ ಹೆಬ್ಬೆಟ್ಟು ಹಸಿರಾಗಲಿಲ್ಲ. ಕೈಹಿಡಿದದ್ದು ಮುಖ. ಮೊಬೈಲ್ ಕ್ಯಾಮೆರಾದಲ್ಲೇ ಮುಖ ಗುರುತಿಸಿ ಜೀವನ ಪ್ರಮಾಣ ಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲೇ ತಂದಿತ್ತು. ಹಳ್ಳಿಯಲ್ಲಿ ಹೆಚ್ಚಿನವರು ಅದನ್ನು ಕೇಳಿಯೇ ಇರಲಿಲ್ಲ. ಯಂತ್ರ ಬೇಡ, ಎಣ್ಣೆ ಬೇಡ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿದರೆ ಸಾಕು. ಅದೂ ಸುಲಭವೇನಲ್ಲ. ‘ತಾತ, ಕಣ್ಣು ಮಿಟುಕ್ಸಿ’ ಎಂದರೆ ಫೌಜಿನವರು ಅಟೆನ್ಷನ್‌ನಲ್ಲಿ ನಿಂತು ರೆಪ್ಪೆಯನ್ನೇ ಅಲ್ಲಾಡಿಸುತ್ತಿರಲಿಲ್ಲ. ಕಿಟಕಿಯ ಬೆಳಕು ಹಿಂದಿನಿಂದ ಬಿದ್ದರೆ ಮುಖ ಕಪ್ಪಾಗುತ್ತಿತ್ತು, ಗ್ರಂಥಾಲಯದ ಗೋಡೆಯ ತುಂಬ ನಾಯಕರ ಫೋಟೊಗಳಿದ್ದವು, ಆ್ಯಪ್ ಗಲಿಬಿಲಿಯಾಗುತ್ತಿತ್ತು.

ಆಗ ಹುಡುಗಿಗೆ ನಮ್ಮ ಸ್ಟೋರ್ ರೂಮಿನ ಫ್ಲೆಕ್ಸ್ ನೆನಪಾಯಿತು. ತರಿಸಿ, ತಿರುಗಿಸಿ ಕಟ್ಟಿದಳು. ಹಿಂಬದಿ ಅಚ್ಚ ಬಿಳಿ. ಅದರ ಮುಂದೆ ಕುರ್ಚಿ ಹಾಕಿದ ಮೇಲೆ ಕೆಲಸ ಸರಾಗವಾಯಿತು. ಉದ್ಘಾಟನೆಗೆಂದು ಬಂದ ಎಂ.ಡಿ.ಯವರು ಹಿಂದೆ ಹೋಗಿ ಇಣುಕಿ, ತಮ್ಮ ಹಿಮದ ಬೆಟ್ಟ ಗೋಡೆಗೆ ಮುಖ ಮಾಡಿರುವುದನ್ನು ನೋಡಿ ಏನೂ ಹೇಳಲಿಲ್ಲ. ಅದು ಒಪ್ಪಿಗೆಯೋ ಬೇಸರವೋ ನನಗೆ ಇವತ್ತಿಗೂ ತಿಳಿಯದು.

ಎಲ್ಲವೂ ಚೆನ್ನಾಗಿ ಆಯಿತೆಂದಲ್ಲ. ಅಕ್ಟೋಬರ್‌ನಲ್ಲಿ ಹೋದಾಗ ಮೇಜಿನ ಮೇಲೆ ಒಂದು ನೋಟ್‌ಬುಕ್ ಕಂಡೆ. ಅದರಲ್ಲಿ ಸಾಲಾಗಿ ಹೆಸರು, ಪೆನ್ಷನ್ ಆದೇಶದ (ಪಿಪಿಒ) ನಂಬರ್, ಸ್ಪರ್ಶ್ ಪಾಸ್‌ವರ್ಡ್. ‘ಅವ್ರೇ ಬರ್ಕೊಳಮ್ಮ ಅಂದ್ರು ಸಾರ್, ಮರ್ತೋಗ್ತಾರೆ’ ಎಂದಳು ಹುಡುಗಿ. ಅವಳ ಉದ್ದೇಶ ಒಳ್ಳೆಯದೇ. ಆದರೆ ಪೆನ್ಷನ್‌ದಾರರಿಗೆ ‘ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡ್ತೀವಿ’ ಎಂದು ಕಳ್ಳರು ಫೋನ್ ಮಾಡುವ ಈ ಕಾಲದಲ್ಲಿ, ಬೀಗವಿಲ್ಲದ ಗ್ರಂಥಾಲಯದಲ್ಲಿ ಇಂಥ ಪುಸ್ತಕ ಇಡುವುದು ಮನೆ ಕೀಲಿಕೈಯನ್ನು ಬೇಲಿಗೆ ನೇತುಹಾಕಿದ ಹಾಗೆ. ಕಂಪನಿಯ ಹಣದಲ್ಲಿ ಶುರುವಾದ ಕೇಂದ್ರದಿಂದ ಒಬ್ಬರ ಪೆನ್ಷನ್ ಹೋದರೂ ಯಾರು ಉತ್ತರ ಕೊಡುವುದು? ತಂತ್ರಜ್ಞಾನ ಕೊಡುವವರು ಇದನ್ನು ಮೊದಲ ದಿನವೇ ಯೋಚಿಸಬೇಕಿತ್ತು, ನಾನು ಯೋಚಿಸಿರಲಿಲ್ಲ. ಪ್ರತಿಯೊಬ್ಬರಿಗೂ ಅಂಗಿ ಜೇಬಿಗೆ ಹಿಡಿಯುವ ಸಣ್ಣ ಡೈರಿ ಕೊಟ್ಟು, ಪಾಸ್‌ವರ್ಡ್ ಅವರ ಕೈಯಲ್ಲೇ ಅಥವಾ ಮನೆಯವರ ಕೈಯಲ್ಲೇ ಬರೆಸಿದೆವು. ಹಳೆಯ ನೋಟ್‌ಬುಕ್ಕನ್ನು ಅಂಗನವಾಡಿಯ ಒಲೆಗೆ ಹಾಕಿದ್ದನ್ನು ನಿಂತು ನೋಡಿಯೇ ಬಂದೆ.

ಗಡಿ ಭದ್ರತಾ ಪಡೆಯಿಂದ ನಿವೃತ್ತರಾದ ಇಬ್ಬರು ಬಂದರು. ಸಿಎಸ್‌ಆರ್ ಪಟ್ಟಿಯಲ್ಲಿ ಅವರಿಗೂ ಜಾಗವಿದೆ, ಆದರೆ ಅವರ ಪೆನ್ಷನ್ ಗೃಹ ಸಚಿವಾಲಯದ ಕಡೆಯದು, ಸ್ಪರ್ಶ್‌ನಲ್ಲಿ ಬರುವುದಿಲ್ಲ. ಜೀವನ ಪ್ರಮಾಣ ಪತ್ರ ಮಾತ್ರ ಮಾಡಿಕೊಟ್ಟೆವು. ‘ದೇವಿ’ಯ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಸಾಹೇಬರು ಮಾತ್ರ ತಮ್ಮ ಸರ್ಟಿಫಿಕೇಟನ್ನು ಅಲ್ಲಿ ಮಾಡಿಸಲಿಲ್ಲ. ಸಿಎಸ್‌ಆರ್ ಹಣ ಕಂಪನಿ ನೌಕರರಿಗೆಂದೇ ಬಳಕೆಯಾಗಬಾರದು ಎಂದು ನಾನು ಯಾವಾಗಲೋ ಹೇಳಿದ್ದೆ. ಎಲ್ಲರಿಗೂ ಇರುವ ಸೇವೆಯಲ್ಲಿ ನೌಕರನೊಬ್ಬ ಬಂದರೆ ತೊಂದರೆಯಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಗುಬ್ಬಿಗೆ ಹೋಗಿ ಮಾಡಿಸಿಕೊಂಡು ಬಂದರು.

ಆ 46 ಲ್ಯಾಪ್‌ಟಾಪ್? ಬ್ಯಾಟರಿ ಉಬ್ಬಿದ 11ನ್ನು ಇ-ತ್ಯಾಜ್ಯದ ಅಧಿಕೃತ ಸಂಸ್ಕರಣೆಗಾರರಿಗೆ ಕೊಟ್ಟು ರಸೀದಿ ಪಡೆದೆವು. ಉಳಿದ 35ರ ಡಿಸ್ಕ್ ಪೂರ್ತಿ ಅಳಿಸಿ, ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸದೆ, ಬರೀ ಉಡುಗೊರೆಯಾಗಿ ಪ್ರೌಢಶಾಲೆಗೆ ಕೊಡುವ ಮಾತು ನಡೆದಿದೆ. ಇನ್ನೂ ಸ್ಟೋರ್ ರೂಮಿನಲ್ಲೇ ಇವೆ.

ಡಿಸೆಂಬರ್ 7ರ ಧ್ವಜ ದಿನದಂದು ಎಂ.ಡಿ.ಯವರು ಸ್ವಂತ ಖಾತೆಯಿಂದ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ ಹಣ ಹಾಕಿದರು, ಎಷ್ಟೆಂದು ನನಗೆ ಹೇಳಲಿಲ್ಲ. ಮರುದಿನ ಕರೆದು, ಮುಂದಿನ ವರ್ಷ ‘ಹೊಸದೇನಾದರೂ’ ಮಾಡೋಣ, ಡ್ರೋನ್ ಹೇಗೆ ಎಂದು ಕೇಳಿದರು. ನಾನು ಹುಡುಗಿಯ ಗೌರವಧನದ ಹಾಳೆಯನ್ನು ಅವರ ಮುಂದೆ ಇಟ್ಟೆ. ತಿಂಗಳಿಗೆ 1,500 ಏರಿಸಬೇಕೆಂದು ಅವಳು ಬರೆದುಕೊಟ್ಟಿದ್ದಳು, ತುಮಕೂರಿನ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ಪೆನ್ನು ಕೇಳಿದರು, ಆಮೇಲೆ ‘ಜನವರಿ ಮೀಟಿಂಗಿಗೆ ಇಡಿ’ ಎಂದು ವಾಪಸ್ ಕೊಟ್ಟರು. ಮೀಟಿಂಗಿನ ಅಜೆಂಡಾದಲ್ಲಿ ಅದನ್ನು ಡ್ರೋನಿಗಿಂತ ಮೇಲೆ ಬರೆದಿದ್ದೇನೆ.